ತೊಳೆದುಹೋದದ್ದರ ಹೆಸರು

ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವ ಬಗೆಗೆ ‘ಕ್ಲಿಯರ್ ಸೆಲ್’ ಎಂದು ಹೆಸರು. ಸೂಕ್ಷ್ಮದರ್ಶಕದಡಿ ಅದರ ಜೀವಕೋಶಗಳು ಖಾಲಿ ಕೋಣೆಗಳಂತಿರುತ್ತವೆ: ಒಂದು ಕಡುನೀಲಿ ಚುಕ್ಕಿ, ಸುತ್ತ ತೆಳು ಗೋಡೆ, ಉಳಿದದ್ದೆಲ್ಲ ಬಿಳಿ ಬಯಲು. ಆದರೆ ದೇಹದೊಳಗಿದ್ದಾಗ ಆ ಕೋಶ ಖಾಲಿಯಿರಲಿಲ್ಲ. ಕೊಬ್ಬೂ ಗ್ಲೈಕೋಜೆನ್ನೂ ಅದರಲ್ಲಿ ಕಿಕ್ಕಿರಿದಿದ್ದವು. ಕೊಯ್ದು ತೆಗೆದ ಗಡ್ಡೆ ಹಳದಿಯಾಗಿ ಹೊಳೆಯುವುದೂ ಆ ಜಿಡ್ಡಿನಿಂದಲೇ. ಗಡ್ಡೆಯ ತುಣುಕನ್ನು ಆಲ್ಕೋಹಾಲ್‌ನಲ್ಲಿ ನೀರಿಳಿಸಿ, ಕ್ಸೈಲೀನ್‌ನಲ್ಲಿ ಅದ್ದಿ, ಮೇಣದಲ್ಲಿ ಕೂರಿಸುವ ಹೊತ್ತಿಗೆ ಜಿಡ್ಡು ಕರಗಿ ಹೋಗಿರುತ್ತದೆ. ಹೀಗೆ ನಾವು ತೊಳೆದ ಗುರುತೇ ಕಾಯಿಲೆಯ ಹೆಸರಾಗಿ ನಿಂತಿದೆ.

ಇದಕ್ಕೂ ಮೊದಲಿನ ಹೆಸರು ಇನ್ನೂ ದಾರಿ ತಪ್ಪಿಸಿತ್ತು. 1883ರಲ್ಲಿ ಜರ್ಮನಿಯ ಪಾಲ್ ಗ್ರಾವಿಟ್ಜ್ ಈ ಕೊಬ್ಬಿನ ಕೋಶಗಳನ್ನು ಕಂಡು, ಇವು ಮೂತ್ರಪಿಂಡದೊಳಗೆ ಸಿಕ್ಕಿಕೊಂಡ ಅಡ್ರಿನಲ್ ಗ್ರಂಥಿಯ ಚೂರುಗಳಿಂದ ಬೆಳೆದವು ಎಂದರು. ಆ ಊಹೆಯಿಂದ ಬಂದ ‘ಹೈಪರ್‌ನೆಫ್ರೋಮಾ’ ಎಂಬ ಹೆಸರು, ಊಹೆ ಬಿದ್ದುಹೋದ ಮೇಲೂ ದಶಕಗಟ್ಟಲೆ ವೈದ್ಯರ ಬಾಯಲ್ಲಿತ್ತು.

ಹೆಸರಿನ ತಕರಾರು ಪಂಡಿತರದ್ದು, ರೋಗಿಗೇನು ಎಂದು ಕೇಳಬಹುದು. ಮೂತ್ರಪಿಂಡದಲ್ಲೇ ಬೆಳೆಯುವ ಇನ್ನೆರಡು ಗಡ್ಡೆಗಳನ್ನು ನೋಡಿ. ಆಂಕೋಸೈಟೋಮಾ ಎಂಬ ಗಡ್ಡೆ ನಿರಪಾಯಕಾರಿ. ಕ್ರೋಮೋಫೋಬ್ ಎಂಬುದು ಕ್ಯಾನ್ಸರ್. ಸೂಜಿಯಲ್ಲಿ ತೆಗೆದ ದಾರದೆಳೆಯಷ್ಟು ತುಣುಕಿನಲ್ಲಿ ಇವೆರಡನ್ನು ಬೇರ್ಪಡಿಸಲು ಅನುಭವಿ ಕಣ್ಣೂ ಎಷ್ಟೋ ಸಲ ತಡವರಿಸುತ್ತದೆ. ಅನುಮಾನ ಉಳಿದರೆ ಕತ್ತರಿ ಆಡುತ್ತದೆ. ಉಳಿಸಿಕೊಳ್ಳಬಹುದಾಗಿದ್ದ ಮೂತ್ರಪಿಂಡವನ್ನೋ ಅದರ ಭಾಗವನ್ನೋ ಒಬ್ಬ ಮನುಷ್ಯ ಕಳೆದುಕೊಳ್ಳುತ್ತಾನೆ.

ಮಾಸ್ ಸ್ಪೆಕ್ಟ್ರೋಮೆಟ್ರಿ ಚಿತ್ರಣದ ಮೇಲೆ ನನಗೆ ಆಸೆ ಹುಟ್ಟುವುದು ಇಲ್ಲಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಗ್ರಹಾಂ ಕುಕ್ಸ್ ತಂಡ 2004ರಲ್ಲಿ ಪ್ರಕಟಿಸಿದ ‘ಡೆಸಿ’ ವಿಧಾನದಲ್ಲಿ ತುಣುಕನ್ನು ತೊಳೆಯುವುದಿಲ್ಲ, ಹೆಪ್ಪುಗಟ್ಟಿಸಿ ತೆಳ್ಳಗೆ ಸೀಳುತ್ತಾರೆ. ವಿದ್ಯುದಾವೇಶ ಹೊತ್ತ ದ್ರಾವಕದ ತುಂತುರು ಅದರ ಮೇಲೆ ಬೀಳುತ್ತದೆ. ಅಲ್ಲಿನ ಕೊಬ್ಬಿನ ಅಣುಗಳು ಅದರಲ್ಲಿ ಕರಗಿ, ಸಿಡಿದ ಹನಿಗಳೊಂದಿಗೆ ಯಂತ್ರದೊಳಗೆ ಹೋಗುತ್ತವೆ. ಯಂತ್ರ ಅವನ್ನು ತೂಕದ ಪ್ರಕಾರ ವಿಂಗಡಿಸುತ್ತದೆ. ಚುಕ್ಕಿಯ ಪಕ್ಕ ಚುಕ್ಕಿ ಹೀಗೆ ಓದುತ್ತ ಹೋದರೆ, ಯಾವ ಅಣು ಎಲ್ಲೆಲ್ಲಿ ಎಷ್ಟಿದೆ ಎಂಬ ನಕ್ಷೆ ಮೂಡುತ್ತದೆ. ಹಳೆಯ ವಿಧಾನ ಚೆಲ್ಲಿದ್ದ ಜಿಡ್ಡೇ ಇದರ ಅಕ್ಷರ. 2020ರಲ್ಲಿ ಲಿವಿಯಾ ಎಬರ್ಲಿನ್ ಅವರ ತಂಡ ಇದೇ ದಾರಿಯಲ್ಲಿ ಆಂಕೋಸೈಟೋಮಾವನ್ನು ಮೂತ್ರಪಿಂಡದ ಕ್ಯಾನ್ಸರ್‌ಗಳಿಂದ ಬೇರ್ಪಡಿಸಬಹುದೆಂದು ತೋರಿಸಿತು.

ಹಾಗಾದರೆ ಕೊನೆಗೂ ಕಾಯಿಲೆಯ ನಿಜವಾದ ಹೆಸರು ಸಿಕ್ಕಿತೇ? ಅಷ್ಟು ಬೇಗ ಹಾಗೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಣುಗಳ ತೂಕಕ್ಕೆ ಹೆಸರಿಲ್ಲ. ಇಂಥ ಯಂತ್ರಕ್ಕೆ ಇದು ಕ್ರೋಮೋಫೋಬ್, ಇದು ಆಂಕೋಸೈಟೋಮಾ ಎಂದು ಕಲಿಸಿದವರು ಸೂಕ್ಷ್ಮದರ್ಶಕ ನೋಡುವ ರೋಗಶಾಸ್ತ್ರಜ್ಞರು. ಯಂತ್ರದ ಉತ್ತರ ಅವರ ಉತ್ತರಕ್ಕೆ ಹೊಂದಿದರೆ ಸರಿ, ಹೊಂದದಿದ್ದರೆ ತಪ್ಪು ಎಂದು ಲೆಕ್ಕ. ಯಾವ ಕಣ್ಣು ತಡವರಿಸುತ್ತದೆಂದು ಯಂತ್ರ ತಂದೆವೋ ಆ ಕಣ್ಣೇ ಯಂತ್ರಕ್ಕೆ ಅಂಕ ಕೊಡುತ್ತಿದೆ.

ಎಲ್ಲಿಂದಲೋ ಶುರು ಮಾಡಲೇಬೇಕು, ಗುರುವಿಲ್ಲದೆ ಕಲಿಕೆಯಿಲ್ಲ ಎಂಬ ಉತ್ತರವನ್ನು ನಾನು ಗೌರವಿಸುತ್ತೇನೆ. ಸ್ಪಷ್ಟವಾದ ಗಡ್ಡೆಗಳಲ್ಲಿ ಆ ಗುರು ಸಾಕು. ಅಸ್ಪಷ್ಟವಾದವುಗಳಲ್ಲಿ ಮಾತ್ರ ಹೊಂದದ ಉತ್ತರವನ್ನು ದೋಷದ ಖಾತೆಗೆ ಹಾಕಬಾರದು. ಅಲ್ಲಿ ತೀರ್ಪು ಹೇಳಬೇಕಾದದ್ದು ಗಡ್ಡೆ ಮುಂದೆ ಹೇಗೆ ನಡೆದುಕೊಂಡಿತು ಎಂಬುದು: ಹರಡಿತೇ, ಮರುಕಳಿಸಿತೇ, ಸುಮ್ಮನಿತ್ತೇ. ಇದಕ್ಕೆ ವರ್ಷಗಳು ಬೇಕು. ರೋಗಿಯ ಬೆನ್ನು ಬಿಡದ ದಾಖಲೆ ಬೇಕು.

ಇಂಥ ದಾಖಲೆ ಇಡಲು ಒಂದು ಅನುಕೂಲವೂ ಇದೆ. ಸರಿಯಾದ ದ್ರಾವಕ ಬಳಸಿದರೆ ಡೆಸಿ ತುಣುಕನ್ನು ಕೆಡಿಸುವುದಿಲ್ಲ; ಯಂತ್ರ ಓದಿದ ಅದೇ ಸೀಳಿಗೆ ಆಮೇಲೆ ಗುಲಾಬಿ-ನೇರಳೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡಬಹುದು. ನಕ್ಷೆ ಒಂದು ಹೇಳಿ ಕಣ್ಣು ಇನ್ನೊಂದು ಹೇಳುವ ಜಾಗಕ್ಕೆ ಗುರುತು ಹಾಕಿ, ಆ ಗಾಜಿನ ಮೇಲೆ ಎರಡು ಹೆಸರನ್ನೂ ಬರೆದು, ರೋಗಿಯ ಮುಂದಿನ ತಪಾಸಣೆಯ ತಾರೀಖನ್ನು ಪಕ್ಕದಲ್ಲಿ ನಮೂದಿಸಿಡಬಹುದು.