ಕೈಯಲ್ಲಿ ನೂಲು, ಎದುರಿಗೆ ವಚನ



ಕಳೆದ ಸೋಮವಾರದ ಶಿವಾನುಭವಗೋಷ್ಠಿ ಮುಗಿದು ಪ್ರಸಾದವಿನಿಯೋಗವಾದ ತರುವಾಯ ವೃದ್ಧ ಮಾತೆಯೊಬ್ಬರು ನನ್ನ ಬಳಿಗೆ ಬಂದು, ಬಹು ಸಂಕೋಚದಿಂದ ಒಂದು ಪ್ರಶ್ನೆಯನ್ನಿಟ್ಟರು. “ಮೇಷ್ಟ್ರೇ, ದೇಶದ ಸುದ್ದಿ ಕೇಳಿದರೆ ಎದೆ ನಡುಗುತ್ತದೆ. ಮನೆಯೊಳಗೂ ಪಕ್ಷಗಳ ಜಗಳ ಹೊಕ್ಕಿದೆ. ರಾತ್ರಿ ನಿದ್ರೆ ಬಾರದಾಗ ಉಲ್ಲನ್ ದಾರ ಹಿಡಿದು ನಾಲ್ಕು ಸಾಲು ಹೆಣೆಯುತ್ತೇನೆ, ಒಂದೆರಡು ವಚನ ಓದುತ್ತೇನೆ. ಆಗ ಜೀವ ತಂಪಾಗುತ್ತದೆ. ಮಗ ಮಾತ್ರ, ಊರಿಗೆ ಬೆಂಕಿ ಬಿದ್ದಿರುವಾಗ ಕಡ್ಡಿ ಆಡಿಸುತ್ತ ಕುಳಿತಿದ್ದೀಯಲ್ಲ ಎನ್ನುತ್ತಾನೆ. ನಾನು ಮಾಡುವುದು ತಪ್ಪೇನು?”

ನಾನು ಆ ಕ್ಷಣಕ್ಕೆ ಉತ್ತರ ಕೊಡಲಾರದೆ ಹೋದೆನು. ಶಾಸ್ತ್ರ ಗೊತ್ತಿಲ್ಲವೆಂದಲ್ಲ. ಆ ಮಗನು ಆಡಿದ ಮಾತನ್ನೇ ಹಿಂದೊಮ್ಮೆ ನಾನೂ ಆಡಿದ್ದೆನು. ಅದೂ ನನ್ನ ಸ್ವಂತ ಅಕ್ಕನಿಗೆ.

ಅಕ್ಕನ ಮನೆ ಊರಿಗಾಮಿನಲ್ಲಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರು ಅಗೆಯಿಸಿದ, ಶಿವನಸಮುದ್ರದ ವಿದ್ಯುತ್ತನ್ನು 1902ರಲ್ಲಿಯೇ ಕಂಡ ಆ ಚಿನ್ನದ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದವು. ಆ ವರ್ಷದ ಮಹಾಶಿವರಾತ್ರಿ ಕಳೆದು ಸರಿಯಾಗಿ ಒಂದು ವಾರವಾಗಿತ್ತು. ತಲೆಮಾರುಗಳಿಂದ ಪಾಳಿಯ ಕೂಗಿಗೆ ಏಳುತ್ತ, ಮಲಗುತ್ತ ಬಂದ ಜನಕ್ಕೆ ಒಮ್ಮೆಲೇ ಹೊತ್ತು ತಿಳಿಯದಂತಾಯಿತು. ಗಣಿ ಮತ್ತೆ ತೆರೆಯುವುದಂತೆ ಎಂಬ ಸುದ್ದಿ ಬೆಳಿಗ್ಗೆ, ಇಲ್ಲವಂತೆ ಎಂಬ ಸುದ್ದಿ ಸಂಜೆ. ಸಭೆಗಳು, ಘೋಷಣೆಗಳು, ವರ್ಷಗಟ್ಟಲೆ ನಡೆದ ವ್ಯಾಜ್ಯಗಳು. ಭಾವನವರೂ ಗಣಿಯ ಕೆಲಸದವರೇ. ಅಂಗಳದಲ್ಲಿ ಕುಳಿತು ದೂರದ ಸೈನೇಡ್ ದಿಬ್ಬವನ್ನೇ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ನನಗೆ ಮೂವತ್ತರ ಆಸುಪಾಸು. ಸಂಸ್ಕೃತ ಪರೀಕ್ಷೆಗಳನ್ನು ಮುಗಿಸಿದ ಗರ್ವ ಬೇರೆ. ಮೂರು ಬಗೆಯ ವೃತ್ತಪತ್ರಿಕೆಗಳನ್ನು ಕಂಕುಳಲ್ಲಿಟ್ಟುಕೊಂಡು ಹೋದೆನು. ಅಕ್ಕ ಮಾತ್ರ ದಿಬ್ಬದ ಧೂಳು ಹಾರುವ ಆ ಬಿಸಿಲಿನಲ್ಲಿ, ಹೊಸಿಲ ಬಳಿ ಕುಳಿತು ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದಳು. ಮಗ್ಗುಲಲ್ಲಿ ವಚನಗಳ ಒಂದು ಹಳೆಯ ಪುಸ್ತಕ, ಹಾಳೆಯ ಗುರುತಿಗೆ ಒಂದು ಬಿಲ್ವದ ಎಲೆ. “ಅಕ್ಕಾ, ಮನೆಯ ಅನ್ನಕ್ಕೇ ಸಂಚಕಾರ ಬಂದಿರುವಾಗ ಈ ಸೆಕೆಯಲ್ಲಿ ಉಣ್ಣೆಯೇ? ಇದು ಪಲಾಯನವಲ್ಲವೆ?” ಎಂದು ಕೇಳಿ, ಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದೆನು. ಅವಳು ಒಂದು ಪತ್ರಿಕೆಯನ್ನು ಕೇಳಿದಳು. ಎರಡನೆಯದನ್ನು ತೆರೆದಾಗ ಕೈಯೆತ್ತಿ, “ಸಾಕು ಕಣೋ ತಮ್ಮ, ಇವತ್ತಿಗೆ ಇಷ್ಟೇ. ಹೆಚ್ಚಿನದನ್ನು ತಂದಲ್ಲೇ ಇಟ್ಟು ಬಾ” ಎಂದಳು.

ನನಗೆ ಸಿಟ್ಟು ಬಂದಿತು. ಆ ಮಾತು ಎಲ್ಲಿಂದ ಬಂದುದೆಂಬುದು ಹೊಳೆದದ್ದು ಬಂಗಾರಪೇಟೆಗೆ ಹಿಂದಿರುಗುವ ರೈಲಿನಲ್ಲಿ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದಾಗ, ಅದನ್ನು ಸುರಿದ ಠಾವಿಗೇ ಹಿಂದಿರುಗಿಸಿ ಬರಬೇಕೆಂದು ಲಕ್ಕಮ್ಮನು ಗಂಡನನ್ನು ಕಳುಹಿಸಿದಳು. ನಾವು ಈ ಪ್ರಸಂಗವನ್ನು ಧನಧಾನ್ಯಕ್ಕೆ ಮಾತ್ರ ಹೊಂದಿಸಿ ವ್ಯಾಖ್ಯಾನ ಮಾಡುವ ವಾಡಿಕೆ. ಆದರೆ ಮನಸ್ಸೂ ಒಂದು ಮಡಕೆಯಲ್ಲವೆ? ಸುದ್ದಿಗೂ ದಿನದ ಅಳತೆಯುಂಟು. ಪ್ರಜೆಯಾದವನು ತಿಳಿಯಬೇಕಾದಷ್ಟು, ಮಾಡಬೇಕಾದ ಕೆಲಸಕ್ಕೆ ಬೇಕಾದಷ್ಟು. ಅದಕ್ಕೆ ಮಿಕ್ಕಿ ಆಯ್ದು ತಂದ ಸುದ್ದಿ ದಾಸೋಹಕ್ಕೆ ಸಲ್ಲದು. ಒಳಗೇ ಕೊಳೆತು ಭಯವಾಗುತ್ತದೆ, ದ್ವೇಷವಾಗುತ್ತದೆ. ಅಂಗೈಯಗಲದ ಫೋನಿನಲ್ಲಿ ರಾತ್ರಿಯೆಲ್ಲ ಸುದ್ದಿ ಸುರಿಯುವ ಈಗಿನ ಕಾಲದಲ್ಲಿ ಲಕ್ಕಮ್ಮನಂಥವಳು ಮನೆಗೊಬ್ಬಳು ಬೇಕು.

ಇನ್ನು ಕೈಗೆಲಸದ ವಿಚಾರ. ಕದಿರ ರೆಮ್ಮವ್ವೆಯ ವಚನಗಳು ನಮಗೆ ದೊರೆತಿರುವುದು ಬೆರಳೆಣಿಕೆಯಷ್ಟು. ಅವುಗಳೊಳಗೆ ರಾಟೆಯನ್ನು ಕುರಿತದ್ದು ಒಂದುಂಟು. ರಾಟೆಯ ಅಡಿಹಲಗೆ ಮೊದಲಾದ ಅಂಗಗಳಲ್ಲಿ ಆಕೆ ತ್ರಿಮೂರ್ತಿಗಳನ್ನು ಕಂಡಳು. ಅರಿವನ್ನೇ ಕದಿರಾಗಿಯೂ ಭಕ್ತಿಯನ್ನೇ ತಿರುಗಿಸುವ ಕೈಯಾಗಿಯೂ ಭಾವಿಸಿದಳು. ಪಂಡಿತರು ಇದನ್ನು ರೂಪಕವೆಂದು ಹೇಳಿ ಮುಂದೆ ಸಾಗುತ್ತಾರೆ; ನಾನೂ ತರಗತಿಯಲ್ಲಿ ಹಾಗೆಯೇ ಪಾಠ ಹೇಳಿದವನು. ನೂಲುವವರನ್ನು, ಹೆಣೆಯುವವರನ್ನು ಹತ್ತಿರದಿಂದ ಕಂಡರೆ ಇದು ಬರಿಯ ರೂಪಕವಲ್ಲವೆಂಬುದು ತಿಳಿಯುತ್ತದೆ. ಒಂದು ಕುಣಿಕೆ ತಪ್ಪಿದರೆ ಸಾಲೇ ಬಿಚ್ಚುತ್ತದೆ. ಆದಕಾರಣ ಚಿತ್ತವು ಬೆರಳ ತುದಿಯಲ್ಲಿ ನಿಲ್ಲಲೇಬೇಕು. ನಾಳೆಯ ಭಯಕ್ಕೆ ಅಲ್ಲಿ ಎಡೆಯಿಲ್ಲ. ಅಕ್ಕನು ಹೆಣೆಯುತ್ತ ಹೆಣೆಯುತ್ತ ಒಂದು ವಚನವನ್ನು ಮನದಲ್ಲೇ ಮೆಲುಕುಹಾಕುತ್ತಿದ್ದಳು. ಕೈಗೆ ಕೆಲಸ, ಮನಕ್ಕೆ ಮಾತು. ಎರಡೂ ಕೂಡಿದಾಗ ಉಸಿರು ತಾನಾಗಿ ಹದಕ್ಕೆ ಬರುತ್ತಿತ್ತು.

ಓದುವುದಾದರೂ ಕೆಲಸವಿಲ್ಲದವರ ವಿನೋದವೇ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ರಕ್ತದಲ್ಲಿ ತೊಯ್ದಾಗ ಚೆನ್ನಬಸವಣ್ಣನವರು, ಅಕ್ಕನಾಗಮ್ಮನವರು, ಮಡಿವಾಳ ಮಾಚಿದೇವರು ಮೊದಲಾದವರು ವಚನದ ಓಲೆಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬುದು ನಮ್ಮ ಸಂಪ್ರದಾಯ. ಪ್ರಾಣಕ್ಕೆ ಕುತ್ತು ಬಂದ ಗಳಿಗೆಯಲ್ಲಿ ಓಲೆಯ ಹೊರೆಯೇಕೆ ಎಂದು ಅವರಾರೂ ಕೇಳಲಿಲ್ಲ. ಮಠಗಳ ಗವಿಗಳಲ್ಲಿ, ಮನೆಗಳ ಜಗುಲಿಗಳಲ್ಲಿ ಉಳಿದ ಆ ಓಲೆಗಳನ್ನು ಊರೂರು ಅಲೆದು ಕೂಡಿಸಿದವರು ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದಿತು. 1925ರಲ್ಲಿ ಸ್ವಂತ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅವೂ ಶಾಂತಿಯ ದಿನಗಳಲ್ಲ. ಅವು ಸ್ವಾತಂತ್ರ್ಯ ಹೋರಾಟದ ವರ್ಷಗಳು. 1922ರಲ್ಲಿ ಆರು ವರ್ಷಗಳ ಶಿಕ್ಷೆಗೆ ಗುರಿಯಾಗಿ ಯರವಡ ಸೆರೆಮನೆ ಸೇರಿದ ಗಾಂಧೀಜಿಯವರು ಅಲ್ಲಿ ಹಗಲನ್ನು ಕಳೆದದ್ದು ನೂಲುತ್ತ, ಓದುತ್ತ. 1924ರಲ್ಲಿ ಹೊರಗೆ ಬಂದವರು ಮತ್ತೆ ಲೋಕದ ಕೆಲಸಕ್ಕೇ ನಿಂತರು. ಅವರನ್ನು ಪಲಾಯನವಾದಿಯೆಂದವರುಂಟೆ?

ಹಾಗೆಂದು ಎಲ್ಲ ಹೆಣಿಗೆಯೂ ಕಾಯಕವೆಂದು ನಾನು ಹೇಳಲಾರೆನು. ನೆರೆಮನೆಯ ಅಳು ಕೇಳದಿರಲೆಂದು ಬಾಗಿಲಿಕ್ಕಿಕೊಂಡು ಓದುವವನಿದ್ದಾನೆ. ಅವನ ಕೈಯಲ್ಲಿರುವುದು ವಚನವಾದರೇನು, ಪುರಾಣವಾದರೇನು? ಅಂಥ ಓದು ನನ್ನದೂ ಆಗಿತ್ತು. ಆ ಬೇಸಿಗೆಯಲ್ಲಿ ಪತ್ರಿಕೆಗಳನ್ನು ಓದಿ ಕೂಗಾಡಿದ ನಾನು ಊರಿಗಾಮಿನ ಒಂದು ಮನೆಗಾದರೂ ಒಂದು ಸೇರು ಅಕ್ಕಿ ಹೊತ್ತವನಲ್ಲ. ಅಕ್ಕನಾದರೋ, ಲೈನ್ ಮನೆಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತರೆ ಸಾಲಿನ ನಡುವೆಯೇ ಕಡ್ಡಿ ಕೆಳಗಿಟ್ಟು ಏಳುತ್ತಿದ್ದಳು. ಕಾರ್ಮಿಕರ ಕುಟುಂಬದ ಹೆಂಗಸರ ಸಭೆ ಕರೆದಾಗ ಹೋಗಿ ಕೂತು ಬರುತ್ತಿದ್ದಳು. ಬಂದವಳು ಬಿಟ್ಟ ಕುಣಿಕೆಯಿಂದಲೇ ಮತ್ತೆ ತೊಡಗುತ್ತಿದ್ದಳು.

ಆ ಮಾತೆಗೆ ನಾನು ಮರುದಿನ ಹೇಳಿಕಳುಹಿಸಿದ್ದು ಇಷ್ಟು: ತಾಯೀ, ಹೆಣೆಯಿರಿ, ಓದಿರಿ. ಬಾಗಿಲು ಮಾತ್ರ ತೆರೆದಿರಲಿ. ಮಗನ ಮೇಲೆ ಮುನಿಯಬೇಡಿರಿ; ನೊಂದವರ ಸಲುವಾಗಿಯೇ ಅವನೂ ಕೂಗುತ್ತಿರಬಹುದು. ರಾತ್ರಿ ಒಂದು ವಚನವನ್ನು ಅವನಿಂದಲೇ ಓದಿಸಿ ಕೇಳಿರಿ.

ಅದೇ ವರ್ಷದ ಮಾರ್ಗಶಿರದಲ್ಲಿ ನಾನು ಮತ್ತೆ ಊರಿಗಾಮಿಗೆ ಹೋಗಿದ್ದೆನು. ಬೆಳಗಿನ ಜಾವದ ಚಳಿ, ನಿಲ್ದಾಣದ ತುಂಬ ಬೆಂಗಳೂರಿಗೆ ಕೂಲಿ ಅರಸಿ ಹೊರಟ ಜನ. ಅವರ ನಡುವೆ ಲೈನ್ ಮನೆಯ ಒಬ್ಬ ಹುಡುಗ, ತಂದೆಗೆ ಬದಲಾಗಿ ದುಡಿಯಲು ಹೊರಟವನು, ಬುತ್ತಿಯ ಡಬ್ಬಿಯನ್ನು ಎದೆಗವುಚಿ ನಿಂತಿದ್ದನು. ಅವನು ತೊಟ್ಟಿದ್ದ ಕಂದುಬಣ್ಣದ ಸ್ವೆಟರಿನ ಗುರುತು ನನಗೆ ಹತ್ತಿತು. ತೋಳು ಸ್ವಲ್ಪ ಉದ್ದವಾಗಿತ್ತು. ಬೆಳೆಯುವ ಹುಡುಗನೆಂದು ಅಕ್ಕ ಹಾಗೆ ಬಿಟ್ಟಿದ್ದಳು.