ಆಸ್ತಿಕನಾದ ಗುರುವೂ ಪೂರ್ವಪಕ್ಷವೂ

ಆಸ್ತಿಕರ ಮನೆಯಲ್ಲಿ ಬೆಳೆದ ಹುಡುಗನಿಗೆ ತತ್ತ್ವಶಾಸ್ತ್ರವನ್ನು ಮೊದಲು ಪರಿಚಯ ಮಾಡಿಕೊಡುವ ಉಪಾಧ್ಯಾಯನ ಹೊಣೆಯು ಸುಲಭವಾದುದಲ್ಲ. ಆ ಹುಡುಗನು ಬಾಲ್ಯದಿಂದ ದೇವರ ಮುಂದೆ ಕೈಮುಗಿದವನು. ದೇವರಿದ್ದಾನೆಯೆ ಎಂದು ಕೇಳಬಹುದೆಂಬುದೇ ಅವನಿಗೆ ಹೊಸ ಸಂಗತಿ. ಉಪಾಧ್ಯಾಯನೂ ಆಸ್ತಿಕನಾಗಿದ್ದರೆ ಸಂಕಟವು ಇಮ್ಮಡಿಯಾಗುತ್ತದೆ. ಚಾರ್ವಾಕನ ವಾದವನ್ನು ಬಲವಾಗಿ ಹೇಳಿದರೆ ಶಿಷ್ಯನ ಶ್ರದ್ಧೆ ಸಡಿಲವಾದೀತು. ದುರ್ಬಲವಾಗಿ ಹೇಳಿದರೆ ಶಾಸ್ತ್ರಕ್ಕೆ ಅಪಚಾರವಾದೀತು. ಇವೆರಡರಲ್ಲಿ ಯಾವುದಕ್ಕೆ ಅಂಜತಕ್ಕದ್ದು?

ಪೂರ್ವಾಚಾರ್ಯರು ಗ್ರಂಥರಚನೆಯ ಕ್ರಮದಲ್ಲಿಯೇ ಇದಕ್ಕೆ ಸಮಾಧಾನವನ್ನಿಟ್ಟಿದ್ದಾರೆ. ಕ್ರಿ. ಶ. ೧೪ನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯರು ರಚಿಸಿದ ಸರ್ವದರ್ಶನಸಂಗ್ರಹವು ದೇವತಾಸ್ತುತಿಯಿಂದ ಮೊದಲಾಗುತ್ತದೆ. ಅದರ ಬೆನ್ನಿಗೇ ಬರುವ ಪ್ರಕರಣವಾದರೋ ಚಾರ್ವಾಕದರ್ಶನ. ಪರಮೇಶ್ವರನು ಮೋಕ್ಷವನ್ನು ಕೊಡುವನೆಂದು ಹೇಗೆ ಹೇಳಬಹುದು, ಚಾರ್ವಾಕನು ಅವನನ್ನೇ ಅಲ್ಲಗಳೆದಿರುವನಲ್ಲ ಎಂಬ ಆಕ್ಷೇಪದಿಂದಲೇ ಆ ಪ್ರಕರಣದ ಆರಂಭ. ಆಚಾರ್ಯರು ತಮ್ಮ ಮತಕ್ಕೆ ಅತ್ಯಂತ ದೂರನಾದವನಿಗೇ ಮೊದಲು ಮಾತನಾಡಲು ಎಡೆಗೊಟ್ಟರು.

ಪಾಠಶಾಲೆಯ ಒಂದು ಪಾಠವನ್ನೇ ನೋಡಬಹುದು. ಎಳೆಯರ ಕೈಗೆ ಮೊದಲು ಬರುವ ಶಾಸ್ತ್ರಗ್ರಂಥಗಳಲ್ಲಿ ೧೭ನೆಯ ಶತಮಾನದ ಅನ್ನಂಭಟ್ಟರ ತರ್ಕಸಂಗ್ರಹವೂ ಒಂದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯಬೇಕು; ಹೊಗೆಯಿರುವೆಡೆಯಲ್ಲಿ ಬೆಂಕಿಯಿರುವುದನ್ನು ಅಡಿಗೆಮನೆಯಲ್ಲಿ ಕಂಡದ್ದಾಗಿದೆ. ಇದು ಅನುಮಾನದ ಮೊದಲ ಪಾಠ, ಹುಡುಗನು ಒಪ್ಪುತ್ತಾನೆ. ಆಗ ಚಾರ್ವಾಕನು ಎದ್ದು ನಿಂತು ಕೇಳುತ್ತಾನೆ: ಹಿಂದೆ ಆಗಿಹೋದ ಹೊಗೆಯನ್ನೂ ಮುಂದೆ ಬರುವ ಹೊಗೆಯನ್ನೂ ಕಂಡವರು ಯಾರು? ಕಾಣದೆ ‘ಎಲ್ಲೆಲ್ಲಿಯೂ ಹೀಗೆಯೇ’ ಎಂದು ಹೇಗೆ ಹೇಳಿದಿರಿ? ಇದು ಹುಡುಗಾಟದ ಪ್ರಶ್ನೆಯಲ್ಲ. ಪ್ರತ್ಯಕ್ಷವೊಂದೇ ಪ್ರಮಾಣವೆಂದಾದರೆ ಆತ್ಮ, ಪರಲೋಕ, ಈಶ್ವರ ಇವುಗಳನ್ನು ಯುಕ್ತಿಯಿಂದ ಸಾಧಿಸುವ ಬಾಗಿಲೇ ಮುಚ್ಚುತ್ತದೆ. ಇಲ್ಲಿ ಗುರುವು ಚಾರ್ವಾಕನನ್ನು ಸಾಲ ಮಾಡಿ ತುಪ್ಪ ತಿನ್ನುವವನೆಂದು ಹಾಸ್ಯಮಾಡಿ ಮುಂದೆ ಹೋದರೆ ಹುಡುಗರು ನಕ್ಕಾರು. ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ಹತ್ತು ವರ್ಷಗಳ ಮೇಲೆ ಅದನ್ನು ಬೇರೊಬ್ಬನ ಬಾಯಿಂದ ಕೇಳಿದಾಗ, ಗುರುವು ಇದನ್ನು ಮರೆಮಾಡಿದ್ದನೆಂದು ಶಿಷ್ಯನು ತಿಳಿಯುವನು. ಅಂದು ಶಾಸ್ತ್ರದ ಮೇಲಣ ನಂಬಿಕೆಯೊಡನೆ ಗುರುವಿನ ಮೇಲಣ ನಂಬಿಕೆಯೂ ಹೋಗುತ್ತದೆ.

ಉದಯನಾಚಾರ್ಯರ ಮಾರ್ಗವು ಬೇರೆ. ಈಶ್ವರನನ್ನು ಸಾಧಿಸುವುದಕ್ಕಾಗಿಯೇ ನ್ಯಾಯಕುಸುಮಾಂಜಲಿಯನ್ನು ಬರೆದ ಆ ಭಕ್ತರು ಈ ಆಕ್ಷೇಪವನ್ನು ಎದುರಿಸಿಯೇ ಮುಂದೆ ನಡೆದರು. ಸಂಶಯಕ್ಕೂ ಒಂದು ಎಲ್ಲೆಯುಂಟು. ಸಂಶಯಪಡುವವನ ನಡತೆಯೇ ಅವನ ಮಾತನ್ನು ಹುಸಿಮಾಡುವಲ್ಲಿ ಅದು ನಿಲ್ಲತಕ್ಕದ್ದು ಎಂಬುದು ಅವರ ಉತ್ತರದ ತಿರುಳು. ಹೊಗೆ ಬೇಕಾದಾಗ ಆತನೂ ಬೆಂಕಿಯನ್ನೇ ಹೊತ್ತಿಸುತ್ತಾನೆ; ಹಸಿದಾಗ ಅನ್ನವನ್ನೇ ಹುಡುಕುತ್ತಾನೆ. ಇಂಥ ವಿಚಾರವನ್ನು ಅವರು ಶ್ರವಣದ ಅನಂತರ ಮಾಡತಕ್ಕ ಮನನವೆಂದೂ, ಈಶ್ವರನ ಉಪಾಸನೆಯೇ ಎಂದೂ ಎಣಿಸಿದರು.

ಆದರೆ ಇಷ್ಟರಿಂದ ಎಲ್ಲವೂ ಮುಗಿಯಿತೆಂದು ಗುರುವು ಹೇಳಲಾಗದು. ಅನುಮಾನವು ಪ್ರಮಾಣವೆಂದು ನಿಂತಮೇಲೂ, ಅದರಿಂದ ಜಗತ್ಕರ್ತನು ಸಿದ್ಧಿಸುವನೆ ಎಂಬುದು ಬೇರೆ ಪ್ರಶ್ನೆ. ವೇದಪ್ರಾಮಾಣ್ಯಕ್ಕಾಗಿ ಹೋರಾಡಿದ ಕುಮಾರಿಲಭಟ್ಟರೇ ಶ್ಲೋಕವಾರ್ತಿಕದಲ್ಲಿ ಆ ಯುಕ್ತಿಗಳನ್ನು ಖಂಡಿಸಿದ್ದಾರೆ. ಭಕ್ತಿಗೆ ಆಚಾರ್ಯಪುರುಷರಾದ ರಾಮಾನುಜರು ಶ್ರೀಭಾಷ್ಯದಲ್ಲಿ, ಈಶ್ವರನು ಶಾಸ್ತ್ರದಿಂದಲೇ ತಿಳಿಯತಕ್ಕವನು, ಅನುಮಾನದಿಂದಲ್ಲ ಎಂದು ಸ್ಥಾಪಿಸಿದ್ದಾರೆ. ಇದನ್ನು ಕಲಿತ ಶಿಷ್ಯನಿಗೆ ದೊಡ್ಡದೊಂದು ಭಯವು ನಿವಾರಣೆಯಾಗುತ್ತದೆ. ದೇವರನ್ನು ಸಾಧಿಸಹೊರಟ ಯುಕ್ತಿಯೊಂದು ಮುರಿದುಬಿದ್ದರೆ ದೇವರೇ ಇಲ್ಲವಾದನೆಂದು ಅವನು ಕಂಗೆಡಬೇಕಾದುದಿಲ್ಲ.

ಎಳೆಯ ಬುದ್ಧಿಯು ಪೂರ್ವಪಕ್ಷದಲ್ಲಿಯೇ ನಿಂತುಬಿಟ್ಟರೆ ಗತಿಯೇನು ಎಂದು ಹೆತ್ತವರು ಕೇಳಬಹುದು. ಈ ಅಂಜಿಕೆಯು ನಿರಾಧಾರವಾದುದಲ್ಲ. ಹಾಗೆ ನಿಲ್ಲುವವರೂ ಉಂಟು. ಆದುದರಿಂದಲೇ ಪ್ರಮಾಣಗಳ ಪರಿಚಯವಾಗದೆ ಆಕ್ಷೇಪವನ್ನು ಹೇಳಬಾರದು. ಆಕ್ಷೇಪವನ್ನು ಹೇಳಿ ಪಾಠವನ್ನು ನಡುವೆ ಬಿಡಬಾರದು. ತನ್ನ ಸಿದ್ಧಾಂತವಾವುದೆಂಬುದನ್ನು ಗುರುವು ಮುಚ್ಚಿಡಲೂ ಬಾರದು. ಗೌತಮರ ನ್ಯಾಯಸೂತ್ರಗಳಲ್ಲಿ ವಾದ, ಜಲ್ಪ, ವಿತಂಡೆ ಎಂದು ಕಥೆಯು ಮೂರು ಬಗೆ. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ, ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಪರರದನ್ನು ಕೆಡಹುವುದು ವಿತಂಡೆ. ಗುರುಶಿಷ್ಯರಿಗೆ ಸಲ್ಲುವುದು ವಾದವೊಂದೇ. ಇಷ್ಟಾಗಿಯೂ ಶಿಷ್ಯನಿಗೆ ಸಿದ್ಧಾಂತವು ಒಪ್ಪಿಗೆಯಾಗದಿದ್ದರೆ, ಅವನಿಂದ ಬಲವಂತವಾಗಿ ಹೌದೆನ್ನಿಸುವುದಕ್ಕಿಂತ ಅವನ ಪ್ರಶ್ನೆಯನ್ನು ಗೌರವದಿಂದ ಉಳಿಸಿಕೊಡುವುದು ಮೇಲು. ಭಯದಿಂದ ಹೇಳಿದ ಹೌದು ಶ್ರದ್ಧೆಯಲ್ಲ.

ಕಠೋಪನಿಷತ್ತಿನ ನಚಿಕೇತನು ಬಾಲಕ. ತಂದೆಯು ದಕ್ಷಿಣೆಗೆಂದು ಮುದಿಗೋವುಗಳನ್ನು ಕೊಡುತ್ತಿದ್ದುದನ್ನು ಕಂಡಾಗ ಅವನಲ್ಲಿ ಶ್ರದ್ಧೆಯು ಹೊಕ್ಕಿತೆಂದು ಉಪನಿಷತ್ತು ಹೇಳುತ್ತದೆ. ಆ ಶ್ರದ್ಧೆ ಹೊಕ್ಕೊಡನೆ ಬಾಲಕನು ಮಾಡಿದ್ದೇನು? ತಂದೆಯನ್ನು ಪ್ರಶ್ನಿಸಿದನು. ಮುಂದೆ ಯಮನು ಆನೆ ಕುದುರೆಗಳನ್ನೂ ಚಿನ್ನವನ್ನೂ ದೀರ್ಘಾಯುಸ್ಸನ್ನೂ ಕೊಡುವೆನೆಂದರೂ, ಸತ್ತಮೇಲೆ ಮನುಷ್ಯನು ಇರುವನೋ ಇಲ್ಲವೋ ಎಂಬ ತನ್ನ ಪ್ರಶ್ನೆಯನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಮನು ಅವನ ಮೇಲೆ ಮುನಿಯಲಿಲ್ಲ. ಇಂಥ ಪ್ರಶ್ನೆ ಕೇಳುವ ಶಿಷ್ಯನೇ ತನಗೆ ದೊರೆಯಲೆಂದು ಹರಸಿ ಉಪದೇಶ ಮಾಡಿದನು. ತತ್ತ್ವಶಾಸ್ತ್ರದ ಮೊದಲ ಪಾಠವನ್ನು ಹೇಳಲು ಕುಳಿತ ಆಸ್ತಿಕನು ಈ ಗುರುಶಿಷ್ಯರನ್ನು ನೆನೆದು ಪುಸ್ತಕವನ್ನು ಬಿಚ್ಚಲಿ.