ಕೆಂಪು ಅಳಿಲು, ಬೂದು ಅಳಿಲು: ಅಹಿಂಸೆಗೊಂದು ಧರ್ಮಸಂಕಟ

ಒಂದು ಜೀವಿಯ ಕುಲವನ್ನು ಉಳಿಸುವುದಕ್ಕಾಗಿ ಇನ್ನೊಂದು ಜೀವಿಯನ್ನು ಕೊಲ್ಲಬಹುದೇ? ಕೊಲ್ಲದೆ ಸುಮ್ಮನಿದ್ದುದರಿಂದ ಮೊದಲನೆಯದು ಅಳಿದುಹೋಗುವುದಾದರೆ, ಆ ಸುಮ್ಮನಿರುವಿಕೆಯು ಅಹಿಂಸೆಯೆನಿಸುವುದೇ? ಬ್ರಿಟನ್ನಿನ ಕಾಡುಗಳಲ್ಲಿ ಈ ಪ್ರಶ್ನೆಯು ಕೇವಲ ತರ್ಕದ ವಿಷಯವಾಗಿ ಉಳಿದಿಲ್ಲ.

ಅಲ್ಲಿಯ ಮೂಲನಿವಾಸಿ ಕೆಂಪು ಅಳಿಲು. ಬೂದು ಅಳಿಲು ಉತ್ತರ ಅಮೆರಿಕದ್ದು. 1876ರಲ್ಲಿ ಚೆಷೈರಿನ ಹೆನ್‌ಬರಿ ಪಾರ್ಕಿನಲ್ಲಿ, ಅನಂತರ ವೋಬರ್ನ್ ಮೊದಲಾದ ಎಸ್ಟೇಟುಗಳಲ್ಲಿ, ಶ್ರೀಮಂತರು ಉದ್ಯಾನದ ಶೋಭೆಗೆಂದು ಅದನ್ನು ತಂದು ಬಿಟ್ಟರು. ಗಾತ್ರದಲ್ಲಿ ದೊಡ್ಡದಾದ ಅದು ಕೆಂಪು ಅಳಿಲಿನ ಆಹಾರವನ್ನು ತಿಂದು ಮುಗಿಸುತ್ತದೆ. ಅದು ಹೊತ್ತು ತಿರುಗುವ ಸಿಡುಬಿನ ವೈರಾಣುವು ಅದಕ್ಕೆ ಸಾಮಾನ್ಯವಾಗಿ ಬಾಧೆ ಕೊಡದು. ಅದೇ ಸೋಂಕು ತಗುಲಿದ ಕೆಂಪು ಅಳಿಲು ಬಹುಮಟ್ಟಿಗೆ ಕೆಲವೇ ವಾರಗಳಲ್ಲಿ ಸಾಯುತ್ತದೆ. 2018ರ ಅಂದಾಜಿನಂತೆ ಬ್ರಿಟನ್ನಿನಲ್ಲಿ ಬೂದು ಅಳಿಲುಗಳು ಸುಮಾರು 27 ಲಕ್ಷ. ಕೆಂಪು ಅಳಿಲುಗಳು ಮೂರು ಲಕ್ಷಕ್ಕೂ ಕಡಿಮೆ.

ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ 1998ರಿಂದ ಬೂದು ಅಳಿಲುಗಳನ್ನು ಬೋನಿಟ್ಟು ಹಿಡಿದು ಕೊಲ್ಲಲಾಯಿತು. ಆಗ ನಲವತ್ತರಷ್ಟಿದ್ದ ಕೆಂಪು ಅಳಿಲುಗಳು ಮುಂದೆ ನೂರಾರಾದವು. ಹಾಗೆಂದ ಮಾತ್ರಕ್ಕೆ ಆ ಕೊಲೆಯು ಧರ್ಮವಾಯಿತೇ? ಶ್ರಾವಕನಿಗೆ ವಿರೋಧೀ ಹಿಂಸೆಯು ಕೆಲವೊಮ್ಮೆ ಅನಿವಾರ್ಯವೆಂದು ನಮ್ಮ ಆಚಾರ್ಯರು ಒಪ್ಪಿರುವರು. ಆದರೆ ಬೂದು ಅಳಿಲು ಆಕ್ರಮಣಕಾರಿಯಲ್ಲ. ತಾನಾಗಿ ಬಂದುದೂ ಅಲ್ಲ. ಅದನ್ನು ಹುಡುಕಿ ಕೊಲ್ಲುವುದು ಸಂಕಲ್ಪೀ ಹಿಂಸೆಯೇ ಸರಿ. ಸಂರಕ್ಷಣೆಯೆಂಬ ಹೆಸರಿನಿಂದ ಆ ದೋಷವು ತೊಳೆದುಹೋಗದು.

ಇಷ್ಟಕ್ಕೇ ವಿಚಾರವನ್ನು ಮುಗಿಸುವವರು ಇಟಲಿಯ ಉದಾಹರಣೆಯನ್ನೂ ನೋಡಬೇಕು. ಅಲ್ಲಿ 1948ರಲ್ಲಿ ಟೂರಿನ್ ನಗರದ ಬಳಿ ಬಿಟ್ಟ ಬೂದು ಅಳಿಲುಗಳು ಹರಡತೊಡಗಿದ್ದವು. 1997ರಲ್ಲಿ ನಿರ್ಮೂಲನದ ಪ್ರಯೋಗ ಆರಂಭವಾದಾಗ ಪ್ರಾಣಿದಯಾವಾದಿಗಳು ನ್ಯಾಯಾಲಯಕ್ಕೆ ಹೋದರು, ಕೆಲಸ ನಿಂತಿತು. ಪ್ರಯೋಗ ನಡೆಸಿದವರು 2000ದಲ್ಲಿ ನಿರ್ದೋಷಿಗಳೆನಿಸುವಷ್ಟರಲ್ಲಿ ಅಳಿಲುಗಳು ಹತೋಟಿ ಮೀರಿ ಹರಡಿದ್ದವು. ದಯೆಯಿಂದ ಹುಟ್ಟಿದ ಆ ತಡೆಯು ಬೇರೆ ಮಾರ್ಗವೊಂದನ್ನು ತೆರೆಯದೆ ಹೋದುದರಿಂದ ಕೆಂಪು ಅಳಿಲಿನ ಸಂಕಟವು ಬೆಳೆಯಿತು. ‘ನನ್ನ ಕೈಗೆ ರಕ್ತ ಅಂಟದಿದ್ದರೆ ಸಾಕು’ ಎಂಬುದು ಅಹಿಂಸೆಯ ಅರ್ಧಭಾಗ ಮಾತ್ರ.

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಇದು ಮನೆಬಾಗಿಲಿನ ಪ್ರಶ್ನೆ. ಸೆರೆಸಿಕ್ಕ ಪ್ರಾಣಿಯನ್ನು ಬಿಡಿಸುವ ಅಭಯದಾನವು ನಮಗೆ ಪುಣ್ಯಕಾರ್ಯ. ಅಲ್ಲಿಯ ಕಾನೂನಿನಂತೆ ಹಿಡಿದ ಬೂದು ಅಳಿಲನ್ನು ಮರಳಿ ಬಿಡುವುದು ಅಪರಾಧ. ಅಂದರೆ ಬೋನಿಡಿಸಿದವನು ಆಗಲೇ ಅದರ ಮರಣಕ್ಕೆ ಒಪ್ಪಿದಂತಾಯಿತು. ಕೃತ, ಕಾರಿತ, ಅನುಮೋದನೆ ಮೂರನ್ನೂ ಎಣಿಸುವ ನಾವು, ಕೂಲಿಯವನ ಕೈಯಿಂದ ಆದುದು ನಮ್ಮದಲ್ಲವೆನ್ನಲಾಗದು. ಅಳಿಲು ಅಟ್ಟಕ್ಕೆ ನುಗ್ಗುವ ಮುನ್ನವೇ ಸಂದುಗಳನ್ನು ಮುಚ್ಚಿಸುವುದು ವಿವೇಕ.

ರಕ್ತವಿಲ್ಲದ ಮಾರ್ಗಗಳೂ ಇಲ್ಲದಿಲ್ಲ. ಬೂದು ಅಳಿಲು ಮಾತ್ರ ತಿನ್ನುವಂತೆ ಆಹಾರದಲ್ಲಿ ಸಂತಾನನಿರೋಧಕವನ್ನು ಇಡುವ ಸಂಶೋಧನೆ ಬ್ರಿಟನ್ನಿನಲ್ಲಿ ನಡೆದಿದೆ. ಮನುಷ್ಯರು ಹಿಂದೆ ಬೇಟೆಯಾಡಿ ಅಳಿವಿನಂಚಿಗೆ ತಂದಿದ್ದ ಪೈನ್ ಮಾರ್ಟನ್ ಎಂಬ ಮರವೇರುವ ಬೇಟೆಪ್ರಾಣಿಯು ಐರ್ಲೆಂಡಿನಲ್ಲಿ ಮರಳಿ ಹೆಚ್ಚಿದ ಕಡೆಗಳಲ್ಲಿ ಬೂದು ಅಳಿಲು ತಗ್ಗಿ, ಕೆಂಪು ಅಳಿಲು ಮತ್ತೆ ಕಾಣಿಸಿಕೊಂಡಿದೆ. ಅದೂ ಜೀವವಧೆಯೇ, ಆದರೆ ಪ್ರಾಣಿಯ ಹಸಿವಿಗೆ ಸಂಕಲ್ಪದೋಷವಿಲ್ಲ. ಇಂತಹ ಮಾರ್ಗಗಳು ನಿಧಾನ, ವೆಚ್ಚವೂ ಅಧಿಕ. ಕೊಲ್ಲಬೇಡಿರೆನ್ನುವವರು ಆ ವೆಚ್ಚದಲ್ಲಿ ಪಾಲು ಹೊರಬೇಕಲ್ಲವೇ? ಜೀವದಯೆಗೆಂದು ನಿಧಿ ತೆಗೆದಿರಿಸುವ ಟ್ರಸ್ಟುಗಳು ಈ ಮಾತನ್ನು ಪರಿಶೀಲಿಸುವುದು ಯುಕ್ತ.

ಈ ಹಿಂಸೆಯ ಮೂಲವಾದರೂ ಎಲ್ಲಿ? ಹೆನ್‌ಬರಿಯಲ್ಲಿ ಅಳಿಲನ್ನು ಬಿಟ್ಟವನಿಗೆ ಯಾರನ್ನೂ ಕೊಲ್ಲುವ ಉದ್ದೇಶವಿರಲಿಲ್ಲ. ಪರಿಗ್ರಹದ ಮೋಹವಿತ್ತು, ಮುಂದೇನೆಂಬ ಎಚ್ಚರವಿರಲಿಲ್ಲ. ಆ ಪ್ರಮಾದದ ಫಲವನ್ನು ಒಂದೂವರೆ ಶತಮಾನದಿಂದ ಎರಡು ನಿರಪರಾಧಿ ಕುಲಗಳು ಉಣ್ಣುತ್ತಿವೆ. ಅಪರಿಗ್ರಹವನ್ನು ಬಿಟ್ಟ ಅಹಿಂಸೆ ಪೂರ್ಣವಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.